ಹಿಪ್ಪುನೇರಳೆ, ಎಳೆ ಮೆಂತ್ಯ, ಬುಟ್ಟಿ ಪನೀರು

ಗುಜರಾತಿಗೆ ಹೋಗಿ ಬಂದೆವೆಂದು ಗೊತ್ತಾದಾಗ ಗದಗಿನ ನಮ್ಮ ಓಣಿಯವರು ನದಿಯ ದಂಡೆ ಹೇಗಿದೆ, ಅರಮನೆ ಎಷ್ಟು ದೊಡ್ಡದು, ಸೀರೆ ತಂದಿರೇನು ಎಂದು ಕೇಳಿದರು. ದಂಡೆಯನ್ನೂ ನೋಡಿದೆವು, ಅರಮನೆಯನ್ನೂ ನೋಡಿದೆವು. ಆದರೆ ನಾನು ನಿಜವಾಗಿ ಕಣ್ಣಿಟ್ಟು ನೋಡಿದ್ದು ಒಂದು ಗಾಜಿನ ಬೋಗುಣಿಯನ್ನು ಮತ್ತು ಅದರಲ್ಲಿದ್ದುದನ್ನು ತಿನ್ನುತ್ತಿದ್ದ ನನ್ನ ಹೆಂಡತಿಯನ್ನು. ಅರವತ್ತಮೂರನೆಯ ವಯಸ್ಸಿನಲ್ಲಿ ಹೊಟ್ಟೆಕಿಚ್ಚು ಪಟ್ಟೆನೆಂದು ಬರೆದುಕೊಳ್ಳಲು ನಾಚಿಕೆಯಾಗುತ್ತದೆ. ಅದನ್ನು ಬಿಟ್ಟರೆ ಈ ಪ್ರವಾಸದ ಬಗ್ಗೆ ಬರೆಯಲು ನನ್ನಲ್ಲಿ ಹೆಚ್ಚೇನೂ ಇಲ್ಲ.

ಅಹಮದಾಬಾದ್, ಮೊದಲ ದಿನ

ವಾಸು ನನ್ನ ಕಾಲೇಜಿನ ಗೆಳೆಯ. ಗದಗಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಬಿ.ಎಸ್ಸಿ. ಮುಗಿಸಿದವರು ನಾವು. ನಾನು ಭೂಮಾಪನ ಇಲಾಖೆ ಸೇರಿ, ಜನರ ಹೊಲದ ಬದುಗಳನ್ನು ಅಳೆಯುತ್ತ ಜಿಲ್ಲೆಯೊಳಗೇ ನಿವೃತ್ತನಾದೆ. ಅವನು ಅಹಮದಾಬಾದಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕು ಹೋದವನು ಅಲ್ಲಿಯೇ ನೆಲೆನಿಂತ. ಅವನ ಹೆಂಡತಿ ಮೀನಾಕ್ಷಿ ವಡೋದರಾದ ಕಾಲೇಜೊಂದರಲ್ಲಿ ಪಾಠ ಹೇಳುತ್ತಾರೆ. ವಾರವೆಲ್ಲ ಅಲ್ಲಿದ್ದು ಶನಿವಾರ ಮನೆಗೆ ಬರುತ್ತಾರೆ. ನಾವು ಹೋದದ್ದು ಹೋಳಿ ಮುಗಿದ ಮೇಲಿನ ಸೋಮವಾರ, ಹಾಗಾಗಿ ವಾಸು ಒಬ್ಬನೇ ಇದ್ದ.

ಸ್ಟೇಷನ್ನಿನಿಂದ ಹೊರಬಂದ ಕೂಡಲೇ ಪರದೇಶಕ್ಕೆ ಬಂದ ಹಾಗಾಯಿತು. ಅಂಗಡಿಗಳ ಫಲಕಗಳಲ್ಲಿ ತಲೆಕಟ್ಟೂ ಇಲ್ಲದ, ಮೇಲುಗೆರೆಯೂ ಇಲ್ಲದ ಅಕ್ಷರಗಳು. ಹಿಂದಿ ಓದಬಲ್ಲೆನೆಂಬ ಧೈರ್ಯದಲ್ಲಿ ಒಂದನ್ನು ಗಟ್ಟಿಯಾಗಿ ಓದಿದೆ. ಅದು ನಾನು ಓದಿದಂತೆ ಔಷಧಿ ಅಂಗಡಿಯಲ್ಲ, ಹೊಲಿಗೆ ಯಂತ್ರ ರಿಪೇರಿಯ ಅಂಗಡಿ ಎಂದು ವಾಸು ಹೇಳಿದ. ನನ್ನ ಹೆಂಡತಿ ಸುಮಿತ್ರಾ ನಕ್ಕಳು. ಅಷ್ಟಕ್ಕೆ ನನಗೇನೂ ಅನ್ನಿಸಲಿಲ್ಲ.

ಅವನ ಮನೆಯ ನಡುಕೋಣೆಯಲ್ಲಿ ಹಿತ್ತಾಳೆ ಸರಪಳಿಯ ತೂಗುಮಂಚವೊಂದಿತ್ತು. ಅಲ್ಲಿ ಹೆಚ್ಚುಕಡಿಮೆ ಎಲ್ಲರ ಮನೆಯಲ್ಲೂ ಇರುತ್ತದಂತೆ. ಬಂದವರಿಗೆ ಮೊದಲು ನೀರು, ಆಮೇಲೆ ತೂಗುಮಂಚ, ಆಮೇಲೆ ಮಾತು. ನಮ್ಮ ಕಡೆ ಬಂದವರನ್ನು ಕೂರಿಸಿ ಹೆಂಗಸರು ಒಳಗೆ ಹೋಗುತ್ತಾರೆ. ಇಲ್ಲಿ ವಾಸು ಸುಮಿತ್ರಾಳನ್ನು ತೂಗುಮಂಚದ ಮೇಲೆ ಕೂರಿಸಿ ತಾನು ಒಳಗೆ ಹೋದ. ಅವಳು ಎರಡು ಸಲ ಏಳಲು ನೋಡಿದಳು. ಅಡಿಗೆಮನೆಗೆ ಬಂದರೆ ತನಗೆ ಕೈ ಆಡುವುದಿಲ್ಲ ಎಂದು ವಾಸು ಅಲ್ಲಿಂದಲೇ ಕೂಗಿ ಹೇಳಿದ. ಆಮೇಲೆ ಅವಳು ಚಪ್ಪಲಿ ಬಿಟ್ಟ ಕಾಲನ್ನು ನೆಲಕ್ಕೆ ಒತ್ತಿ ಒಂದು ಸಲ ತೂಗಿಕೊಂಡಳು. ಇನ್ನೊಂದು ಸಲ ತೂಗಿಕೊಂಡಳು.

ನಾನು ಬಾಗಿಲಲ್ಲಿ ನಿಂತು ಅವನು ಮಾಡುವುದನ್ನು ನೋಡಿದೆ. ಒಲೆ ಹಚ್ಚಲಿಲ್ಲ. ಎಳೆ ಮೆಂತ್ಯದ ತುದಿಗಳನ್ನು, ಪಾಲಕ್ ಕುಡಿಗಳನ್ನು, ನಾಲ್ಕು ಪುದೀನ ಎಲೆಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಮಿಂದ ಮಗುವಿನ ತಲೆ ಒರೆಸುವ ಹಾಗೆ ಒರೆಸಿದ. ಕಿತ್ತಳೆಯ ತೊಳೆಗಳ ಮೇಲಿನ ಸಿಪ್ಪೆಯನ್ನೂ ಸುಲಿದ. ನಿಂಬೆರಸ, ಬೆಲ್ಲದ ನೀರು, ಹುರಿದ ಜೀರಿಗೆ, ಮೆಣಸಿನ ಪುಡಿ, ಒಂದು ಚಮಚ ಶೇಂಗಾ ಎಣ್ಣೆ ಕೂಡಿಸಿ ಕದಡಿದ. ಫ್ರಿಜ್ಜಿನಿಂದ ಒಂದು ಡಬ್ಬಿ ತೆಗೆದ. ಅದರೊಳಗೆ ತಿಳಿಯಾದ ನೀರಲ್ಲಿ ಮುಳುಗಿದ ಪನೀರಿನ ಉಂಡೆಗಳು. ಪುಟ್ಟ ಬುಟ್ಟಿಗಳಲ್ಲಿ ಹೆಪ್ಪುಗಟ್ಟಿಸುತ್ತಾರಂತೆ, ಮೈಮೇಲೆ ಬುಟ್ಟಿಯ ಹೆಣಿಗೆಯ ಗುರುತು ಹಾಗೇ ಇತ್ತು. ಅದು ಸೂರತ್ತಿನದು, ಚಾಕು ಮುಟ್ಟಿಸಬಾರದು ಎನ್ನುತ್ತ ಚಮಚದಿಂದ ಮುರಿದು ಸೊಪ್ಪಿನ ಮೇಲಿಟ್ಟ. ಕೊನೆಗೆ ಕಪ್ಪಗೆ ಉದ್ದುದ್ದ ಇದ್ದ ಹಣ್ಣುಗಳನ್ನು ಒಂದೊಂದಾಗಿ ಮೇಲೆ ಜೋಡಿಸಿದ. ಹಿಪ್ಪುನೇರಳೆ. ನಮ್ಮ ಕಡೆ ಆ ಗಿಡದ ಎಲೆಯನ್ನು ರೇಷ್ಮೆಹುಳುವಿಗೆ ಹಾಕುತ್ತಾರೆ, ಹಣ್ಣಿನ ಕಡೆ ಯಾರೂ ತಿರುಗಿ ನೋಡುವುದಿಲ್ಲ.

"ಇದಕ್ಕ ಶೇತೂರ್ ಅಂತಾರ ಇಲ್ಲಿ," ಎಂದ ವಾಸು. "ಮೊದಲ ಹಾಕಿದ್ರ ಎಲ್ಲಾ ನೀಲಿ ಆಗ್ತದ."

ಮೊದಲ ಬಟ್ಟಲನ್ನು ಸುಮಿತ್ರಾಳ ಮುಂದಿಟ್ಟ. ಅವಳು ನನ್ನ ಕಡೆ ನೋಡಿದಳು. ನಾನು ಇನ್ನೂ ಕೈ ತೊಳೆದಿರಲಿಲ್ಲ. ಎಲೆ ಬಾಡುವ ಮೊದಲೇ ತಿನ್ನಬೇಕು ಎಂದು ವಾಸು ಒತ್ತಾಯಿಸಿದ. ಅವಳು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು.

ಮದುವೆಯಾಗಿ ಮೂವತ್ತಾರು ವರ್ಷ. ನಾನು ಉಣ್ಣುವಾಗ ಅವಳು ಒಲೆಯ ಹತ್ತಿರ ನಿಂತಿರುತ್ತಾಳೆ. ಅವಳು ಉಣ್ಣುವಾಗ ನಾನು ಪೇಪರು ಹಿಡಿದು ಹೊರಗೆ ಕೂತಿರುತ್ತೇನೆ. ಮದುವೆ ಮುಂಜಿವೆಗಳಲ್ಲಿ ಹೆಂಗಸರ ಪಂಕ್ತಿ ಬೇರೆ. ಬಾಯಿಯ ರುಚಿ ಮುಖಕ್ಕೆ ಬಂದಾಗ ನನ್ನ ಹೆಂಡತಿ ಹೇಗೆ ಕಾಣುತ್ತಾಳೆಂದು ನಾನು ನೋಡಿರಲೇ ಇಲ್ಲ. ಹುಬ್ಬುಗಳು ಸಡಿಲವಾದವು, ಗಲ್ಲದಲ್ಲಿ ಸಣ್ಣ ಕುಳಿ ಬಿತ್ತು. ಅದನ್ನು ನಾನು ನೋಡಿದ ಗಳಿಗೆಯಲ್ಲಿಯೇ ವಾಸುವೂ ನೋಡಿದ. ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಅಹಮದಾಬಾದ್, ಎರಡನೆಯ ದಿನ

ಬೆಳಿಗ್ಗೆ ಎಲ್ಲರಿಗಿಂತ ಮೊದಲೆದ್ದು ಚಹಾ ಮಾಡಲು ಹೊರಟೆ. ನಾನು ಒಲೆಯ ಮುಂದೆ ನಿಂತದ್ದು ಎಷ್ಟು ವರ್ಷದ ಮೇಲೋ ನನಗೇ ನೆನಪಿಲ್ಲ. ಸಕ್ಕರೆ ಹುಡುಕಲು ಹೋದೆ. ಆರು ಡಬ್ಬಿ ತೆರೆಯುವಷ್ಟರಲ್ಲಿ ಹಾಲು ಉಕ್ಕಿ ಒಲೆ ಆರಿತು, ಮನೆಯೆಲ್ಲ ಸುಟ್ಟ ವಾಸನೆ. ವಾಸು ಬಂದ, ಏನೂ ಅನ್ನದೆ ಒರೆಸಿದ. ಏನಾದರೂ ಅಂದಿದ್ದರೆ ಜಗಳವಾದರೂ ಆಡಬಹುದಿತ್ತು.

ನದಿಯ ದಂಡೆಗೆ ಕರೆದುಕೊಂಡು ಹೋದ. ಬಿಸಿಲಿಗೆ ಹೆದರಿ ಮುಖವೆಲ್ಲ ದುಪಟ್ಟದಲ್ಲಿ ಸುತ್ತಿಕೊಂಡು, ಕಣ್ಣಷ್ಟೇ ಬಿಟ್ಟುಕೊಂಡ ಹುಡುಗಿಯರು ಸ್ಕೂಟರಿನಲ್ಲಿ ಸಾಲುಸಾಲಾಗಿ ಹೋಗುತ್ತಿದ್ದರು. ಹೀಗೆ ಸುತ್ತಿಕೊಂಡರೆ ಯಾರು ಯಾರೆಂದು ಗೊತ್ತಾಗುವುದಿಲ್ಲ, ಒಳ್ಳೆಯದೇ ಎಂದಳು ಸುಮಿತ್ರಾ. ತಾನು ಯಾರೆಂದು ಗೊತ್ತಾಗಬಾರದೆಂದು ಅವಳಿಗೇಕೆ ಅನ್ನಿಸಬೇಕು ಎಂದು ನಾನು ಯೋಚಿಸುತ್ತ ನಡೆದೆ. ಅವರಿಬ್ಬರೂ ಮುಂದೆ ಹೋಗಿಬಿಟ್ಟಿದ್ದರು.

ಮಧ್ಯಾಹ್ನ ಮತ್ತೆ ಅದೇ ಬೋಗುಣಿ. ಈ ಸಲ ವಾಸು ಕಲಸುವ ಮುಂಚೆ ಅವಳಿಗೆ ಹುಳಿ ಮುಂದಿರಬೇಕೋ ಸಿಹಿಯೋ ಎಂದು ಕೇಳಿದ. ಸಿಹಿ ಎಂದು ನಾನೇ ಉತ್ತರ ಹೇಳಿದೆ. ಹುಳಿ ಎಂದಳು ಅವಳು. ನಾನು ಧಾರವಾಡಕ್ಕೆ ಹೋದಾಗಲೆಲ್ಲ ಅವಳಿಗೆಂದು ಪೇಢೆ ತಂದಿದ್ದೇನೆ. ಹಾಗಾದರೆ ಅಷ್ಟು ಪೇಢೆ ಯಾರು ತಿಂದರು? ಕೇಳಿದೆ. ಓಣಿಯ ಹುಡುಗರಿಗೆ ಹಂಚುತ್ತಿದ್ದಳಂತೆ.

ಆ ಸಂಕಟದಲ್ಲಿ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. ಇದರಲ್ಲಿ ಅಂಥ ದೊಡ್ಡಸ್ತಿಕೆ ಏನಿದೆ, ನಮ್ಮ ಕಡೆ ದಿನಾ ತಿನ್ನುವುದು ಇದನ್ನೇ, ಹಕ್ಕರಕಿ ಸೊಪ್ಪು, ಹಸಿ ಮೆಂತ್ಯ, ಸೌತೆಕಾಯಿ, ಜೊತೆಗೆ ಜೋಳದ ರೊಟ್ಟಿ ಎಂದುಬಿಟ್ಟೆ. ಹೌದಲ್ಲ ಎಂದು ವಾಸು ಒಪ್ಪಿಕೊಂಡ. ಹಕ್ಕರಕಿ ತಿನ್ನದೆ ಎಷ್ಟೋ ವರ್ಷವಾಯಿತು ಎಂದು ಪಾಪ ಅವನ ಮುಖವೂ ಸಣ್ಣದಾಯಿತು. ಸುಮಿತ್ರಾ ಚಮಚ ಕೆಳಗಿಟ್ಟಳು.

"ದಿನಾ ತಿಂತೀರಿ, ಖರೆ," ಎಂದಳು. "ಸೋಸಿ, ತೊಳದು ಇಡಾಕಿ ನಾನು."

ಸಿಟ್ಟಿನಿಂದ ಹೇಳಲಿಲ್ಲ. ಹೇಳಿ ಮತ್ತೆ ಚಮಚ ಎತ್ತಿಕೊಂಡಳು.

ವಡೋದರಾ

ವಡೋದರಾಕ್ಕೆ ನಾವಿಬ್ಬರೇ ರೈಲಿನಲ್ಲಿ ಹೋದೆವು. ವಾಸು ಹೆಂಡತಿಗೆಂದು ಒಂದು ಕಟ್ಟು ಥೇಪ್ಲಾ ಕೊಟ್ಟು ಕಳಿಸಿದ್ದ. ಅದು ಮೆಂತ್ಯ ಹಾಕಿದ ತೆಳ್ಳನೆಯ ಚಪಾತಿ. ದಾರಿಯಲ್ಲಿ ಎದುರಿನ ಸೀಟಿನ ಕುಟುಂಬವೊಂದು ಕೂತು ಐದು ನಿಮಿಷಕ್ಕೇ ತಿಂಡಿಯ ಡಬ್ಬಿ ಬಿಚ್ಚಿ ನಮಗೂ ಕೊಟ್ಟಿತು. ಬೇಡವೆಂದರೆ ಅವರಿಗೆ ಅರ್ಥವೇ ಆಗುವುದಿಲ್ಲ. ಆ ಮನೆಯ ಗಂಡಸು ಹೆಂಡತಿಗೆ ಹಸಿಮೆಣಸಿನಕಾಯಿಯ ತೊಟ್ಟು ಮುರಿದು ಕೊಡುತ್ತಿದ್ದ. ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಮೀನಾಕ್ಷಿ ಸ್ಟೇಷನ್ನಿಗೇ ಬಂದಿದ್ದರು. ಅವರ ಖೋಲಿ ದೊಡ್ಡ ಆಲದ ಮರಗಳಿದ್ದ ರಸ್ತೆಯಲ್ಲಿ, ಎರಡನೆಯ ಮಹಡಿಯಲ್ಲಿ. ಒಂದು ಮಂಚ, ಒಂದು ಮೇಜು, ತಿದ್ದಬೇಕಾದ ಉತ್ತರ ಪತ್ರಿಕೆಗಳು, ಕಿಟಕಿಯ ಕಟ್ಟೆಯ ಮೇಲೆ ಹಿತ್ತಾಳೆ ಚೊಂಬಿನಲ್ಲಿ ಮುತ್ತುಗದ ಹೂ. ಸುಮಿತ್ರಾ ಒಳಗೆ ಬಂದವಳೇ ಸುತ್ತಲೂ ನೋಡಿದಳು.

"ಇದೆಲ್ಲಾ ನಿಮ್ಮ ಒಬ್ಬರದ?" ಎಂದು ಕೇಳಿದಳು.

ಹೌದೆಂದರು ಮೀನಾಕ್ಷಿ. ಸುಮಿತ್ರಾ ಹೋಗಿ ಕಿಟಕಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಆಮೇಲೆ ಅರಮನೆಯ ಮುಂದೆ ನಿಂತಾಗಲೂ ಅವಳ ಮುಖದಲ್ಲಿ ಆ ಆಸೆ ಕಾಣಲಿಲ್ಲ. ನಮ್ಮ ಮನೆಯಲ್ಲಿ ನಾಲ್ಕು ಕೋಣೆಗಳಿವೆ. ಅವುಗಳಲ್ಲಿ ಒಂದೂ ಅವಳದಲ್ಲ ಎಂಬುದು ನನಗೆ ಹೊಳೆದದ್ದು ಈ ಒಂದು ಖೋಲಿಯ ಮೇಲೆ ಹೊಟ್ಟೆಕಿಚ್ಚು ಪಡುತ್ತ ನಿಂತಾಗ.

ಸಂಜೆ ಚಹಾ ಕುಡಿಯುವಾಗ ತಮ್ಮ ಗಂಡ ಏನೇನು ತಿನ್ನಿಸಿದರೆಂದು ಮೀನಾಕ್ಷಿ ವಿಚಾರಿಸಿದರು. ಸುಮಿತ್ರಾ ಆ ಬಟ್ಟಲಿನ ವರ್ಣನೆ ಶುರುಮಾಡಿದಳು. ಬಟ್ಟೆಯಲ್ಲಿ ಒರೆಸಿದ ಸೊಪ್ಪು, ಸುಲಿದ ಕಿತ್ತಳೆ, ಸೂರತ್ತಿನ ಪನೀರು. ಮೀನಾಕ್ಷಿಯ ನಗು ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಯಿತು.

"ಶೇತೂರನೂ ಹಾಕಿದ್ರಾ?"

ಹಾಕಿದ್ದರೆಂದಳು ಸುಮಿತ್ರಾ.

"ನನಗ ಶನಿವಾರ ಖಿಚಡಿ ಮಾಡಿ ಮುಚ್ಚಿ ಇಟ್ಟಿರ್ತಾರ," ಎಂದರು ಮೀನಾಕ್ಷಿ.

ಆಮೇಲೆ ಅವರೇ ಹೇಳಿಕೊಂಡರು. ಎಂಟು ವರ್ಷದ ಹಿಂದೆ ಈ ಕೆಲಸಕ್ಕೆಂದು ಇಲ್ಲಿಗೆ ಬಂದಾಗ ವಾಸು ಮೂರು ತಿಂಗಳು ಸರಿಯಾಗಿ ಮಾತಾಡಲಿಲ್ಲವಂತೆ. ಹೊರಗಿನ ಡಬ್ಬಿ ತರಿಸಿ ತಿಂದ. ಒಂದು ದಿನ ಫೋನು ಮಾಡಿ ಅನ್ನಕ್ಕೆ ಎಷ್ಟು ನೀರು ಎಂದು ಕೇಳಿದ. ಮರುದಿನ ಬೇಳೆಗೆ ಎಷ್ಟು ಸೀಟಿ ಎಂದು ಕೇಳಿದ. ಆ ವರ್ಷವೆಲ್ಲ ದಿನಕ್ಕೆ ನಾಲ್ಕು ಫೋನು. "ಅದಕ್ಕ ಮೊದಲ ಇಪ್ಪತ್ತು ವರ್ಷದಾಗೂ ನಾವು ಅಷ್ಟು ಮಾತಾಡಿರಲಿಲ್ಲ," ಎಂದರು. "ಈಗ ಎಲ್ಲಾ ಬರ್ತದ ಅವರಿಗೆ. ಕೇಳೋದೇನೂ ಉಳಿದಿಲ್ಲ." ತಮಗೆಂದೂ ಮಾಡಿಕೊಡದ ಒಂದು ತಿನಿಸನ್ನು ವಾಸು ತಮ್ಮ ಮನೆಯಲ್ಲೇ ಬೇರೆಯವರಿಗೆ ಮಾಡಿಕೊಟ್ಟಿದ್ದಾನೆಂಬುದು ಅವರಿಗೆ ತಾಗಿತ್ತು. ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದವರು ತೊಳೆಯಲು ಬಹಳ ಹೊತ್ತು ತೆಗೆದುಕೊಂಡರು. ಅವರ ಮೇಲೆ ನನಗೆ ಬಂಧುವಿನಂಥ ಪ್ರೀತಿ ಬಂತು.

ಆದರೆ ಊಟದ ಹೊತ್ತಿಗೆ ಅವರು ಸುಮಿತ್ರಾಳಿಗೆ ಒಂದು ಮಾತು ಹೇಳಿದರು. ನಾನು ಬೇಕಾದರೆ ಸೂರತ್ತಿಗೆ ಮುಂದೆ ಹೋಗಬಹುದು, ಅವಳು ನಾಲ್ಕು ದಿನ ಈ ಖೋಲಿಯಲ್ಲಿಯೇ ಇರಲಿ, ತಾವು ಕಾಲೇಜಿಗೆ ಹೋದಾಗ ಬೀಗದ ಕೈ ಅವಳ ಹತ್ತಿರವೇ ಇರುತ್ತದೆ. ಮನೆಯಲ್ಲಾಗಿದ್ದರೆ ಸುಮಿತ್ರಾ ಇಂಥ ಮಾತಿಗೆ ನನ್ನ ಮುಖ ನೋಡುತ್ತಿದ್ದಳು. ಈಗ ನೋಡಲಿಲ್ಲ.

"ಬೆಳಿಗ್ಗಿ ಹೇಳ್ತೀನಿ," ಎಂದಳು.

ನನಗೆ ನಿದ್ದೆ ಹತ್ತಲಿಲ್ಲ. ಸರ್ವೆ ಕೆಲಸದಲ್ಲಿ ಅಣ್ಣತಮ್ಮಂದಿರು ಗೇಣು ನೆಲಕ್ಕೆ ಕಾದಾಡುವುದನ್ನು ನೋಡಿ ಒಳಗೊಳಗೇ ನಕ್ಕವನು ನಾನು. ಬೆಳಿಗ್ಗೆ ಎದ್ದು ನೋಡಿದರೆ ಅವಳ ಚೀಲ ಬಾಗಿಲ ಹತ್ತಿರ ಸಿದ್ಧವಾಗಿತ್ತು. ನನ್ನ ಎದೆ ಹಗುರಾಯಿತು. ನೀನೂ ಬರುತ್ತಿರುವುದು ಒಳ್ಳೆಯದಾಯಿತು ಎಂದೆ. ಪ್ರಶಾಂತ ಕಾಯುತ್ತಿರುತ್ತಾನಲ್ಲ ಎಂದಳು. ಪ್ರಶಾಂತ ಅವಳ ಅಕ್ಕನ ಮಗ. ಅವಳು ಹೊರಟಿದ್ದು ಅವನಿಗಾಗಿ.

ಸೂರತ್

ಪ್ರಶಾಂತ ಊರ ಹೊರಗಿನ ಕೈಗಾರಿಕಾ ಪ್ರದೇಶವಾದ ಸಚಿನ್‌ನ ಬಣ್ಣದ ಕಾರ್ಖಾನೆಯೊಂದರಲ್ಲಿ ಇಂಜಿನಿಯರು. ಅವನ ಉಗುರಿನ ಸುತ್ತ ತೊಳೆದರೂ ಹೋಗದ ನೀಲಿ. ಜೊತೆಗಾರರು ಹೋಳಿಗೆ ಊರಿಗೆ ಹೋಗಿದ್ದರಿಂದ ಫ್ಲ್ಯಾಟು ಖಾಲಿ ಇತ್ತು. ನಮಗೆ ಬೀಗದ ಕೈ ಕೊಟ್ಟು, ಚಿಗವ್ವನನ್ನು ಅಪ್ಪಿಕೊಂಡು, ಹೊರಗಿನಿಂದ ಊಟ ತರಿಸಿಕೊಳ್ಳಲು ಹೇಳಿ ಪಾಳಿಗೆ ಹೊರಟ. ಅಡಿಗೆಮನೆಯಲ್ಲಿ ಇದ್ದದ್ದು ಒಂದು ಬಾಣಲೆ, ಒಂದು ಮೊಂಡು ಚಾಕು, ಮೂರು ಸ್ಟೀಲಿನ ತಟ್ಟೆ. ಅವಳು ಅಭ್ಯಾಸದಂತೆ ತಟ್ಟೆಗಳನ್ನು ತೊಳೆಯತೊಡಗಿದಳು.

ಮರುದಿನ ಬೆಳಿಗ್ಗೆ ಅಡ್ಡಾಡಿ ಬರುತ್ತೇನೆಂದು ಹೇಳಿ ಮಾರುಕಟ್ಟೆಗೆ ಹೋದೆ. ಮೆಂತ್ಯ ಕಷ್ಟವಾಗಲಿಲ್ಲ, ಮೇಥಿ ಎಂದರೆ ಸಿಕ್ಕಿತು. ಪಾಲಕ್ಕೂ ಕಿತ್ತಳೆಯೂ ನಿಂಬೆಯೂ ಕಣ್ಣಿಗೆ ಕಂಡವು. ಹಿಪ್ಪುನೇರಳೆಗೆ ವಾಸು ಹೇಳಿದ ಹೆಸರು ಮರೆತುಹೋಗಿತ್ತು. ನಾಲಿಗೆಯ ತುದಿಗೆ ಬಂದದ್ದನ್ನೇ ಹಣ್ಣಿನ ಹೆಂಗಸಿಗೆ ಹೇಳಿದೆ. ಸೂರತ್ ಬೇಕು, ಕಪ್ಪು ಸೂರತ್. ಅವಳು ನೆಲಕ್ಕೆ ಕೈ ತೋರಿಸಿ ಇದೇ ಸೂರತ್ ಎಂದಳು. ಸಣ್ಣ ಸೂರತ್, ತಿನ್ನುವ ಸೂರತ್ ಎಂದು ನನ್ನ ಮುರುಕು ಹಿಂದಿಯಲ್ಲಿ ವಿವರಿಸಿದೆ. ಆಚೀಚೆಯ ಗಾಡಿಯವರೂ ಬಂದು ನಿಂತರು. ಕಿರುಬೆರಳನ್ನು ಅರ್ಧಕ್ಕೆ ಹಿಡಿದು, ನನ್ನ ತಲೆಗೂದಲಿನಲ್ಲಿ ಉಳಿದಿದ್ದ ಕಪ್ಪನ್ನು ತೋರಿಸಿದ ಮೇಲೆ ಅವಳಿಗೆ ಹೊಳೆಯಿತು.

"ಶೇತೂರ್, ಕಾಕಾ," ಎಂದಳು. "ಸೂರತ್ ನಹೀಂ, ಶೇತೂರ್."

ಎಲ್ಲರೂ ನಕ್ಕರು. ಅವಳು ಒಂದು ಹಿಡಿ ಹೆಚ್ಚಿಗೆ ಹಾಕಿದಳು.

ಪನೀರಿಗೆ ಎರಡು ಅಂಗಡಿ ತಿರುಗಿದೆ. ಮೊದಲನೆಯವನು ಇಟ್ಟಿಗೆಯಂಥದ್ದನ್ನು ಕೊಡಲು ಬಂದ. ಎರಡು ಕೈಗಳಿಂದ ಬುಟ್ಟಿಯ ಆಕಾರ ಮಾಡಿ ತೋರಿಸಿದ ಮೇಲೆ ಮುಂದಿನ ಓಣಿಗೆ ಕಳಿಸಿದ. ಅಲ್ಲಿ ಆ ಉಂಡೆಗಳು ತಮ್ಮ ನೀರಿನಲ್ಲಿ ತಣ್ಣಗೆ ಕೂತಿದ್ದವು. ನೀರಿನ ಸಮೇತ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟರು. ರಿಕ್ಷಾ ಒಂದು ಗುಂಡಿಗೆ ಬಿದ್ದು ಎದ್ದಾಗ ಗಂಟು ಸಡಿಲವಾಗಿ, ಮನೆ ಮುಟ್ಟುವಾಗ ನನ್ನ ಪ್ಯಾಂಟು ಮೊಣಕಾಲವರೆಗೆ ತೊಯ್ದಿತ್ತು.

ಬಾಗಿಲು ತೆರೆದ ಸುಮಿತ್ರಾ ಪ್ಯಾಂಟು ನೋಡಿ ಗಾಬರಿಯಾದಳು. ಏನೂ ಆಗಿಲ್ಲ, ಕುರ್ಚಿಯಲ್ಲಿ ಕೂತಿರು, ಒಳಗೆ ಬರಬೇಡ ಎಂದೆ. ಕೂತಳು. ಆದರೆ ಒಳಗೆ ಒಂದೊಂದು ಸದ್ದಾದಾಗಲೂ ಏನು ಬಿತ್ತು ಎಂದು ಕೇಳುತ್ತಿದ್ದಳು. ಸೊಪ್ಪನ್ನು ನಲ್ಲಿಯ ಕೆಳಗೆ ಹಿಡಿದು ಕೊಡವಿ ಹರಿದು ಹಾಕಿದೆ. ಕಿತ್ತಳೆಯ ಸಿಪ್ಪೆ ಬಿಡಿಸುವಾಗ ಅರ್ಧ ರಸ ಮುಂಗೈಗೆ ಇಳಿಯಿತು. ಬೆಲ್ಲವಿರಲಿಲ್ಲ, ಸಕ್ಕರೆ ಹಾಕಿದೆ. ಜೀರಿಗೆ ಇರಲಿಲ್ಲ, ಬಿಟ್ಟೆ. ಅವಳಿಗೆ ಹುಳಿ ಇಷ್ಟವೆಂದು ಎರಡು ನಿಂಬೆಹಣ್ಣು ಹಿಂಡಿದೆ. ಆಮೇಲೆ ಹಣ್ಣು, ಪನೀರು ಎಲ್ಲವನ್ನೂ ಒಟ್ಟಿಗೆ ಸುರಿದು ಕೈಯಿಂದ ಕಲಸಿದೆ. ಕಲಸಿದ ಮೇಲೆ ವಾಸು ಹೇಳಿದ್ದು ನೆನಪಾಯಿತು. ಬಿಳಿ ಪನೀರು ಪೆಟ್ಟು ತಿಂದ ಹಾಗೆ ನೀಲಿಗಟ್ಟಿತ್ತು.

ತಟ್ಟೆಯಲ್ಲಿ ಹಾಕಿ ತಂದು ಅವಳ ಮುಂದಿಟ್ಟೆ. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು.

"ನೀವು?"

ಆಮೇಲೆ ಎಂದೆ. ಎದುರಿಗೆ ನೆಲದ ಮೇಲೆ ಕೂತೆ.

ಒಂದು ತುತ್ತು ಬಾಯಿಗಿಟ್ಟಳು. ಮರಳು ಕರಕ್ಕೆಂದದ್ದು ನನಗೂ ಕೇಳಿಸಿತು. ಹುಳಿಗೆ ಒಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ಹುಬ್ಬು ಸಡಿಲವಾಗಲಿಲ್ಲ, ಗಂಟಾಯಿತು. ಗಲ್ಲದಲ್ಲಿ ಕುಳಿ ಬೀಳಲಿಲ್ಲ. ಎರಡನೆಯ ತುತ್ತಿಗೂ ಬೀಳಲಿಲ್ಲ.

"ಯಾಕ ಹಂಗ ನೋಡಾಕತ್ತೀರಿ?" ಎಂದಳು.

ಏನಾದರೂ ಬೇರೆ ಹೇಳಬಹುದಿತ್ತು. ನಾಲ್ಕು ದಿನದಿಂದ ಹೊಟ್ಟೆಯಲ್ಲಿದ್ದದ್ದೇ ಹೊರಗೆ ಬಂತು. "ವಾಸೂಂದು ಛಲೋ ಇತ್ತೋ, ಇದು ಛಲೋ ಐತೋ?"

"ವಾಸಣ್ಣಾರದು," ಎಂದಳು. ಯೋಚಿಸಲು ಒಂದು ಗಳಿಗೆಯನ್ನೂ ತೆಗೆದುಕೊಳ್ಳಲಿಲ್ಲ.

ಅವಳು ತಿನ್ನುತ್ತಲೇ ಇದ್ದಳು. ಮರಳು ಸಿಕ್ಕಾಗ ನಾಲಿಗೆಯಿಂದ ಬದಿಗೆ ಸರಿಸಿ, ಸೆರಗಿನ ತುದಿಯಿಂದ ಒರೆಸಿಕೊಂಡು, ಮತ್ತೆ ತಿಂದಳು. ಅವಸರ ಮಾಡಲಿಲ್ಲ. ಕುರ್ಚಿಯ ಮೇಲೆ ಒಂದು ಕಾಲನ್ನು ಮಡಿಚಿ ಕೂತಳು. ಇಷ್ಟು ವರ್ಷಗಳಲ್ಲಿ ಅವಳು ತಿನ್ನುವಾಗ ಹಾಗೆ ಕಾಲು ಮಡಿಚಿ ಕೂತಿದ್ದನ್ನು ನಾನು ಕಂಡದ್ದಿಲ್ಲ. ಇದು ಅಹಮದಾಬಾದಿನಲ್ಲೂ ಕಂಡಿರಲಿಲ್ಲ. ತಟ್ಟೆಯನ್ನು ವಾಲಿಸಿ ಉಳಿದ ನೀಲಿ ರಸವನ್ನು ಕುಡಿದಳು. ಖಾಲಿ ತಟ್ಟೆಯನ್ನು ಎತ್ತಿಕೊಂಡು ಏಳಲು ಹೋದವಳು ನಿಂತು, ಅದನ್ನು ನನ್ನ ಕೈಗೆ ಕೊಟ್ಟಳು.

"ನಾಳೆ ಸೊಪ್ಪು ಮೂರು ನೀರಾಗ ತೊಳೀರಿ," ಎಂದಳು.

ಸೂರತ್, ಮರುದಿನ

ಅದೇ ಹಣ್ಣಿನ ಹೆಂಗಸು ದೂರದಿಂದಲೇ ನನ್ನನ್ನು ನೋಡಿ ಸೂರತ್ ಕಾಕಾ ಬಂದರೆಂದು ಪಕ್ಕದವಳಿಗೆ ಹೇಳಿದಳು. ಮೆಂತ್ಯದ ಎಳೆ ಕಟ್ಟುಗಳನ್ನು ಆರಿಸಿಕೊಂಡೆ. ಪನೀರಿಗೆ ಪ್ರಶಾಂತನ ಡಬ್ಬಿ ಒಯ್ದಿದ್ದೆ.

ಬಂದು ಬಾಣಲೆಯಲ್ಲಿ ನೀರು ತುಂಬಿ ಸೊಪ್ಪು ಹಾಕಿದೆ. ಮೊದಲ ನೀರು ಕೆಂಪಗಾಯಿತು. ಆಗ ಹೊರಗೆ ಫೋನು ಬಂತು. ಮೀನಾಕ್ಷಿಯದು. ಸುಮಿತ್ರಾ ಬಾಲ್ಕನಿಗೆ ಹೋಗಿ ಬಾಗಿಲನ್ನು ಅರ್ಧ ಎಳೆದುಕೊಂಡಳು. ಹಬ್ಬ ಹುಣ್ಣಿಮೆಗೆ ಅಕ್ಕನ ಜೊತೆ ಫೋನಿನಲ್ಲಿ ನಾಲ್ಕು ಮಾತಾಡಿ ಇಡುವವಳು, ಈಗ ಇಟ್ಟಳೆಂದುಕೊಂಡರೆ ಇಡುತ್ತಿಲ್ಲ. ಒಂದೆರಡು ಪದಗಳಷ್ಟೇ ಕೇಳಿಸಿದವು. ಖೋಲಿ ಎಂದಳು. ದಸರಾ ಎಂದಳು. ಆಮೇಲೆ ದನಿ ತಗ್ಗಿತು. ನಾನು ನಲ್ಲಿ ನಿಲ್ಲಿಸಿ ಕಿವಿಗೊಟ್ಟೆ. ಅವಳು ನಕ್ಕಳು, ನನಗೆ ಪರಿಚಯವಿಲ್ಲದ ನಗು, ಗಂಟಲಿನ ಆಳದಿಂದ ಬಂದದ್ದು. ಯಾವ ಮಾತಿಗೆಂದು ಗೊತ್ತಾಗಲಿಲ್ಲ.

ಕೇಳಲು ಹೋಗಲಿಲ್ಲ. ಎರಡನೆಯ ನೀರು ಚೆಲ್ಲಿ, ಮೂರನೆಯದನ್ನು ತುಂಬಿದೆ.